ಮುಕ್ತ ತಂತ್ರಾಂಶ: ಸ್ವಯಂಸೇವಕರ ಪಾತ್ರವೇನು, ನಮ್ಮ ನಿರೀಕ್ಷೆಯೇನು?

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಭದ್ರಾವತಿಯ ಸಣ್ಣ ಎರಕದ ಘಟಕವೊಂದರ ಮಾಲೀಕರು ನನಗೆ ದೂರವಾಣಿ ಮಾಡಿದರು. "ಆಡಿಟರೇ, ನೀವು ಹೇಳಿದ ಸಾಫ್ಟ್‌ವೇರ್ ಕೈಕೊಟ್ಟಿದೆ. ಎರಡು ದಿನದಿಂದ ಗಾಡಿ ಗೇಟು ದಾಟಿಲ್ಲ" ಎಂದರು. ಅವರ ಘಟಕದಲ್ಲಿ ಎರಕ ಹೊಯ್ದ ಸರಕು ಮಷೀನಿಂಗ್ ಕೆಲಸಕ್ಕಾಗಿ ಶಿವಮೊಗ್ಗದ ಕಾರ್ಖಾನೆಗೆ ಜಾಬ್ ವರ್ಕ್ ಚಲನ್ ಮೇಲೆ ಹೋಗುತ್ತದೆ. ಹಿಂದಿನ ರಾತ್ರಿ ಯಾರೋ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ್ದರು. ಬೆಳಿಗ್ಗೆಯಿಂದ ಚಲನ್‌ನಲ್ಲಿ ತೂಕದ ಮೂರನೆಯ ದಶಾಂಶ ಸ್ಥಾನ ಮಾಯವಾಗಿತ್ತು. ಕಳುಹಿಸಿದ ತೂಕಕ್ಕೂ ಹಿಂದಿರುಗಿದ ತೂಕಕ್ಕೂ ತಾಳೆ ಬೀಳಲಿಲ್ಲ. ಏರಿಸುವ ಮುನ್ನ ದತ್ತಾಂಶದ ಪ್ರತಿ ತೆಗೆದಿಟ್ಟವರು ಯಾರೂ ಇರಲಿಲ್ಲ.

ಮಾಲೀಕರು ಆ ತಂತ್ರಾಂಶ ತಯಾರಿಸುವ ತಂಡಕ್ಕೆ ಒಂದು ಪತ್ರ ಬರೆಸಿದ್ದರು. ಇಪ್ಪತ್ತನಾಲ್ಕು ಗಂಟೆಯೊಳಗೆ ದೋಷ ಸರಿಪಡಿಸದಿದ್ದರೆ ಕಾನೂನು ಕ್ರಮ ಜರುಗಿಸಲಾಗುವುದೆಂದು ಅದರ ಒಕ್ಕಣೆ. ಉತ್ತರವಾಗಿ ಎರಡೇ ಸಾಲು ಬಂದಿತ್ತು: ಇಲ್ಲಿ ಎಲ್ಲರೂ ತಮ್ಮ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರು, ಆವೃತ್ತಿಯ ಸಂಖ್ಯೆ ಮತ್ತು ದೋಷ ಕಾಣಿಸುವ ಕ್ರಮ ತಿಳಿಸಿದರೆ ನೋಡುತ್ತೇವೆ. ಮಾಲೀಕರಿಗೆ ಇದು ಉದ್ಧಟತನವಾಗಿ ಕಂಡಿತು. ನನಗೆ ನಾಚಿಕೆಯಾಯಿತು. ಏಕೆಂದರೆ ಆ ತಂತ್ರಾಂಶವನ್ನು ಸೂಚಿಸುವಾಗ "ಖರ್ಚಿಲ್ಲ" ಎಂಬ ಒಂದೇ ಮಾತನ್ನು ಹೇಳಿ ನಾನು ಮುಂದೆ ಹೋಗಿದ್ದೆ. ಅದನ್ನು ಯಾರು ನಡೆಸುತ್ತಾರೆ, ಅವರಿಂದ ಏನನ್ನು ಕೇಳಬಹುದು, ಏನನ್ನು ಕೇಳಲಾಗದು ಎಂಬುದನ್ನು ವಿವರಿಸಿರಲಿಲ್ಲ. ಅಂದು ಹೇಳದೆ ಬಿಟ್ಟದ್ದನ್ನು ನಮ್ಮ ವರ್ತಕ ಹಾಗೂ ಸಣ್ಣ ಉದ್ಯಮಿ ಬಾಂಧವರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಪುಕ್ಕಟೆಯೂ ಮುಕ್ತವೂ ಒಂದೇ ಅಲ್ಲ

ನಮ್ಮಲ್ಲಿ ಬಹುಮಂದಿ 'ಓಪನ್ ಸೋರ್ಸ್' ಎಂದರೆ ಪುಕ್ಕಟೆ ಸಿಗುವ ತಂತ್ರಾಂಶವೆಂದೇ ತಿಳಿದಿದ್ದಾರೆ. ಕನ್ನಡಿಗರಿಗೆ ಚಿರಪರಿಚಿತವಾದ 'ಬರಹ'ವನ್ನೇ ತೆಗೆದುಕೊಳ್ಳಬಹುದು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಈ ತಂತ್ರಾಂಶ ಹಲವು ವರ್ಷ ಬೆಲೆಯಿಲ್ಲದೆ ದೊರೆಯಿತು. ಲಕ್ಷಾಂತರ ಜನ ಅದರಲ್ಲಿ ಕನ್ನಡ ಟೈಪಿಸಿದರು. ಆದರೆ ಅದರ ಮೂಲ ಸಂಕೇತ ಕರ್ತೃವಿನ ಬಳಿಯೇ ಇತ್ತು. ಮುಂದೆ ಅವರು ಬೆಲೆ ನಿಗದಿಪಡಿಸಿದಾಗ ಅದು ಅವರ ಹಕ್ಕಾಗಿತ್ತು. ಮುಕ್ತ ತಂತ್ರಾಂಶದ ರೀತಿ ಬೇರೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪರವಾನಗಿಯ ಷರತ್ತಿಗೊಳಪಟ್ಟು ಹಂಚಬಹುದು, ಸೇವೆಗೆ ಹಣವನ್ನೂ ಪಡೆಯಬಹುದು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಇಂದು ನಮ್ಮ ಆಂಡ್ರಾಯ್ಡ್ ಮೊಬೈಲಿನ ಒಳಗಿದೆ. ಪತ್ರ ವ್ಯವಹಾರಕ್ಕೆ ಅನೇಕರು ಬಳಸುವ ಲಿಬ್ರೆ ಆಫೀಸ್ 2010ರಿಂದ ಈಚೆಗೆ ಸ್ವತಂತ್ರ ಪ್ರತಿಷ್ಠಾನವೊಂದರ ಆಶ್ರಯದಲ್ಲಿ ಬೆಳೆಯುತ್ತಿದೆ. ಆದ್ದರಿಂದ 'ನಾನು ಮುಕ್ತ ತಂತ್ರಾಂಶ ಬಳಸುವುದಿಲ್ಲ' ಎನ್ನುವ ವರ್ತಕರು ತಮ್ಮ ಕಿಸೆಯಲ್ಲಿರುವುದನ್ನು ಒಮ್ಮೆ ನೋಡಿಕೊಳ್ಳುವುದೊಳಿತು.

ಒಂದು ಕನ್ನಡ ಅಕ್ಷರದ ಹಿಂದೆ

ಈ ಕೆಲಸದಲ್ಲಿ ಯಾರ್‍ಯಾರ ಪಾತ್ರ ಏನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಲಿನಕ್ಸ್ ಗಣಕದಲ್ಲಿ 'ಅಡಿಕೆ ಉತ್ಪನ್ನ' ಎಂದು ಬಿಲ್ಲಿನಲ್ಲಿ ಮುದ್ರಿಸುತ್ತೇವೆ ಎಂದಿಟ್ಟುಕೊಳ್ಳಿ. ಒತ್ತಕ್ಷರಗಳು ಸ್ವಸ್ಥಾನದಲ್ಲಿ ಕುಳಿತು ಪದ ಸರಿಯಾಗಿ ಮೂಡಬೇಕಾದರೆ ಎಷ್ಟು ಕೈಗಳು ಬೇಕು?

ಮೊದಲನೆಯದಾಗಿ ಅಕ್ಷರಶೈಲಿ ಬೇಕು. ಲೋಹಿತ್ ಕನ್ನಡವೆಂಬ ಫಾಂಟನ್ನು ರೆಡ್ ಹ್ಯಾಟ್ ಸಂಸ್ಥೆ ಮುಕ್ತವಾಗಿ ನೀಡಿತು. ಅಂದರೆ ಅದರ ಹಿಂದೆ ಸಂಬಳದ ನೌಕರರಿದ್ದರು. 'ಗುಬ್ಬಿ' ಮತ್ತು ಕೈಬರಹದ ಮಾದರಿಯ 'ನವಿಲು' ಎಂಬ ಫಾಂಟುಗಳನ್ನು ರೂಪಿಸಿ ಮುಕ್ತವಾಗಿ ಕೊಟ್ಟವರು ಅರವಿಂದ ವಿ.ಕೆ. ಎಂಬ ಕನ್ನಡಿಗ ತಂತ್ರಜ್ಞರು. ಎರಡನೆಯದಾಗಿ, ಫಾಂಟಿನಲ್ಲಿರುವ ಬಿಡಿ ಆಕಾರಗಳನ್ನು ಕನ್ನಡದ ಕ್ರಮಕ್ಕನುಸಾರ ಜೋಡಿಸುವ ಯಂತ್ರವೊಂದು ಬೇಕು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಈ ಕಾರ್ಯ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಅದನ್ನೇ ಅವಲಂಬಿಸಿವೆ. ಕನ್ನಡ ಬಾರದ ಯಾವನೋ ಪುಣ್ಯಾತ್ಮನು ನಮ್ಮ ಒತ್ತಕ್ಷರದ ನಿಯಮಗಳನ್ನು ಅದರಲ್ಲಿ ಸೇರಿಸಿದ್ದಾನೆಂಬುದು ಯೋಚಿಸಿದರೆ ಸೋಜಿಗವೇ ಸರಿ. ಮೂರನೆಯದಾಗಿ, ಇವೆಲ್ಲವನ್ನೂ ಕಟ್ಟಿ, ಪರೀಕ್ಷಿಸಿ, ನಮ್ಮ ಗಣಕಕ್ಕೆ ತಲುಪುವಂತೆ ಮೂಟೆ ಮಾಡುವವರು ಬೇಕು. ಡೆಬಿಯನ್ ಎಂಬ ಲಿನಕ್ಸ್ ಸಮುದಾಯದಲ್ಲಿ ಇಂಥವರಿಗೆ ಪ್ಯಾಕೇಜಿನ ನಿರ್ವಾಹಕರೆಂದು ಹೆಸರು. ಗುಬ್ಬಿ, ನವಿಲುಗಳೂ ಅಲ್ಲಿ ಪ್ಯಾಕೇಜುಗಳಾಗಿ ದೊರೆಯುತ್ತವೆ. ಆ ಕೆಲಸ ಅಲ್ಲಿ ಬಹುತೇಕ ಸ್ವಯಂಸೇವೆ.

ಇದಲ್ಲದೆ ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರುವ ಅನುವಾದಕರು, ಕೈಪಿಡಿ ಬರೆಯುವವರು, ಹೊಸಬರ ಪ್ರಶ್ನೆಗಳಿಗೆ ಉತ್ತರಿಸುವವರು, ದೋಷ ಕಂಡಾಗ ವರದಿ ಮಾಡುವವರು ಇದ್ದಾರೆ. ನಮ್ಮ ಮಂಡಿಗಳಲ್ಲಿ ಹಮಾಲಿ, ದಲಾಲಿ, ಗುಮಾಸ್ತ, ಖರೀದಿದಾರರು ಬೇರೆ ಬೇರೆ ಇರುವಂತೆಯೇ ಇಲ್ಲಿಯೂ ಕೆಲಸ ಹಂಚಿಹೋಗಿದೆ. ಒಂದು ವ್ಯತ್ಯಾಸವುಂಟು: ಒಬ್ಬನೇ ಎಲ್ಲವನ್ನೂ ಮಾಡುತ್ತಿರುವ ತಂತ್ರಾಂಶಗಳು ಬಹಳ. ಹೊರಗಿನಿಂದ ನೋಡುವವರಿಗೆ ಅಚ್ಚುಕಟ್ಟಾದ ಹೆಸರು, ಚಿಹ್ನೆ ಕಾಣುತ್ತದೆ. ಒಳಗೆ ಸಂಜೆ ಏಳರ ಮೇಲೆ ಮನೆಯ ಮೇಜಿನ ಮುಂದೆ ಕುಳಿತ ಒಬ್ಬ ವ್ಯಕ್ತಿ ಮಾತ್ರ ಇರುತ್ತಾನೆ.

ಅವರು ಏನಕ್ಕೆ ಬದ್ಧರು?

ಕಾನೂನಿನ ಮಾತು ಚಿಕ್ಕದು. ಲಿನಕ್ಸ್ ಬಳಸುವ ಜಿಪಿಎಲ್ ಪರವಾನಗಿಯಾಗಲಿ, ಇತರ ಪ್ರಚಲಿತ ಪರವಾನಗಿಗಳಾಗಲಿ, ತಂತ್ರಾಂಶಕ್ಕೆ ಯಾವುದೇ ಖಾತರಿ ಇಲ್ಲವೆಂದೂ, ಅದರಿಂದಾದ ನಷ್ಟಕ್ಕೆ ಕರ್ತೃ ಹೊಣೆಯಲ್ಲವೆಂದೂ ಸ್ಪಷ್ಟಪಡಿಸುತ್ತವೆ. ನಾವು 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತುವಾಗ ಅದಕ್ಕೆ ಸಮ್ಮತಿಸಿರುತ್ತೇವೆ. ಭದ್ರಾವತಿಯ ನನ್ನ ಕಕ್ಷಿದಾರರ ನೋಟೀಸಿಗೆ ಯಾವ ಬಲವೂ ಇರಲಿಲ್ಲ.

ನೀತಿಯ ಮಾತು ಅದಕ್ಕಿಂತ ಸ್ವಾರಸ್ಯಕರವಾಗಿದೆ. 1993ರಲ್ಲಿ ಹುಟ್ಟಿದ ಡೆಬಿಯನ್ ಸಮುದಾಯ 1998ರಲ್ಲಿ ತನಗೊಂದು ಸಂವಿಧಾನವನ್ನೇ ಅಂಗೀಕರಿಸಿತು. ಅದರ ತಾತ್ಪರ್ಯದಂತೆ, ಯೋಜನೆಗಾಗಿ ಕೆಲಸ ಮಾಡಲೇಬೇಕೆಂಬ ಬಾಧ್ಯತೆ ಯಾರ ಮೇಲೂ ಇಲ್ಲ; ವಹಿಸಿದ ಕೆಲಸ ಬೇಡವೆಂದು ಕಂಡರೆ ಮಾಡದಿರಬಹುದು; ಆದರೆ ನಿಯಮಾನುಸಾರ ಆದ ತೀರ್ಮಾನಗಳಿಗೆ ವಿರುದ್ಧವಾಗಿ ಸಕ್ರಿಯವಾಗಿ ನಡೆದುಕೊಳ್ಳುವಂತಿಲ್ಲ. ಅಲ್ಲಿ ಇನ್ನೊಂದು ರೂಢಿಯಿದೆ. ಪ್ಯಾಕೇಜನ್ನು ನೋಡಿಕೊಳ್ಳಲಾರದ ನಿರ್ವಾಹಕನು ಅದನ್ನು 'ಅನಾಥ'ವೆಂದು ಬಹಿರಂಗವಾಗಿ ಸಾರಬೇಕು. ಆಗ ಬೇರೊಬ್ಬರು ದತ್ತು ಪಡೆಯುತ್ತಾರೆ.

ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ಸರದಿಯ ಸಾಲುಗಳನ್ನು ಸುಧಾರಿಸುವ, ನೀರು ಕೊಡುವ ಸ್ವಯಂಸೇವಕರನ್ನು ನಾವು ನೋಡಿದ್ದೇವೆ. ಅವರು ಬಾರದಿದ್ದರೆ ಸಂಬಳ ಕಡಿತ ಮಾಡುವಂತಿಲ್ಲ. ಆದರೆ ನೀರಿನ ಕೊಳಗ ಹಿಡಿದು ನಿಂತವನು ಮಧ್ಯದಲ್ಲಿ ಯಾರಿಗೂ ಹೇಳದೆ ಎದ್ದುಹೋದರೆ ಸಾಲು ಕಂಗೆಡುತ್ತದೆ. ಅವನಿಂದ ನಾವು ನಿರೀಕ್ಷಿಸಬಹುದಾದ್ದು ಇಷ್ಟೆ: ಹೋಗುವ ಮುನ್ನ ಕೊಳಗವನ್ನು ಇನ್ನೊಬ್ಬರ ಕೈಗೆ ಕೊಡುವುದು. 1930ರಲ್ಲಿ ಆರಂಭವಾದ ನಮ್ಮ ಕರ್ನಾಟಕ ಸಂಘದಂಥ ಸಂಸ್ಥೆಗಳಲ್ಲಾಗಲಿ, ವಾಣಿಜ್ಯ ಮಂಡಳಿಗಳಲ್ಲಾಗಲಿ ಗೌರವ ಕಾರ್ಯದರ್ಶಿಯಾಗಿ ದುಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಂಬಳವಿಲ್ಲದ ಹುದ್ದೆಯಲ್ಲಿ ದೂರುಗಳಿಗೆ ಮಾತ್ರ ಬರವಿಲ್ಲವೆಂಬುದು ಅವರಿಗೆ ಗೊತ್ತು.

ಒತ್ತಾಯದಿಂದಾದ ಅನಾಹುತ

ನಿರೀಕ್ಷೆ ಮಿತಿಮೀರಿದರೆ ಏನಾಗಬಹುದೆಂಬುದಕ್ಕೆ 2024ರ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಲೆಕ್ಕ ತಪಾಸಣೆಯ ವೃತ್ತಿಯಲ್ಲಿರುವ ನನಗೆ ಇದು ಗಣಕದ ಕಥೆಗಿಂತ ಹೆಚ್ಚಾಗಿ ಮುನೀಮನ ಕಥೆಯಂತೆ ತೋರುತ್ತದೆ.

ಕಡತಗಳ ಗಾತ್ರ ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಸಣ್ಣ ತಂತ್ರಾಂಶವನ್ನು ಲಾಸ್ಸೆ ಕೊಲಿನ್ ಎಂಬ ಒಬ್ಬರೇ ವರ್ಷಗಟ್ಟಲೆ ನಿರ್ವಹಿಸುತ್ತಿದ್ದರು. ಜಗತ್ತಿನ ಅಸಂಖ್ಯ ಸರ್ವರುಗಳಲ್ಲಿ ಅದು ಸೇರಿಕೊಂಡಿತ್ತು. 2022ರಲ್ಲಿ ಕೆಲವು ಅಪರಿಚಿತರು, ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಅವರ ಮೇಲೆ ಒತ್ತಡ ಹೇರತೊಡಗಿದರು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದೂ, ಇದು ಸಂಭಾವನೆಯಿಲ್ಲದ ಹವ್ಯಾಸದ ಕೆಲಸವೆಂದೂ ಅವರು ಬಹಿರಂಗವಾಗಿಯೇ ತಿಳಿಸಿದರು. ಅದೇ ಸಮಯದಲ್ಲಿ 'ಜಿಯಾ ಟಾನ್' ಎಂಬ ಹೆಸರಿನ ಒಬ್ಬ ಕೊಡುಗೆದಾರ ತಾಳ್ಮೆಯಿಂದ, ವಿನಯದಿಂದ ಸಹಾಯ ಮಾಡುತ್ತಿದ್ದ. ಕ್ರಮೇಣ ಅವನಿಗೆ ಸಹ ನಿರ್ವಾಹಕನ ಅಧಿಕಾರ ದೊರೆಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿದ ಅವನು 2024ರ ಫೆಬ್ರವರಿಯಲ್ಲಿ ಹೊರಬಂದ ಆವೃತ್ತಿಯಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟ. ಅದು ಎಲ್ಲೆಡೆ ಹರಡಿದ್ದರೆ ದೂರದಿಂದಲೇ ಸರ್ವರುಗಳೊಳಗೆ ನುಗ್ಗಲು ಅವನಿಗೆ ಸಾಧ್ಯವಾಗುತ್ತಿತ್ತು.

ಅದನ್ನು ಪತ್ತೆ ಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು. ಒಳಪ್ರವೇಶಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಬೆನ್ನುಹತ್ತಿ, 2024ರ ಮಾರ್ಚ್ 29ರಂದು ಪ್ರಕಟಪಡಿಸಿದರು. ಅರ್ಧ ಸೆಕೆಂಡು! ನಮ್ಮಲ್ಲಿ ಅರ್ಧ ಲಕ್ಷದ ವ್ಯತ್ಯಾಸವನ್ನು 'ಸಸ್ಪೆನ್ಸ್ ಖಾತೆ'ಗೆ ಹಾಕಿ ಮುಂದೆ ಹೋಗುವವರಿದ್ದಾರೆ.

ದಣಿದ ಯಜಮಾನ, ಬೆನ್ನ ಮೇಲೆ ಒತ್ತಡ, ರಜೆಯನ್ನೇ ಕೇಳದೆ ದುಡಿಯುವ ನಂಬಿಗಸ್ತ ಗುಮಾಸ್ತ, ಅವನ ಕೈಗೆ ಸೇರಿದ ಬೀಗದ ಕೈ: ಸಂಸ್ಥೆಗಳಲ್ಲಿ ಹಣ ದುರುಪಯೋಗವಾದ ಪ್ರಕರಣಗಳನ್ನು ತಪಾಸಣೆ ಮಾಡುವಾಗ ನಾನು ಕಂಡ ಕ್ರಮವೂ ಇದೇ. ಒಬ್ಬನು ಬರೆದದ್ದನ್ನು ಇನ್ನೊಬ್ಬನು ತಾಳೆ ನೋಡಬೇಕೆಂಬ ಆಂತರಿಕ ತಪಾಸಣೆಯ ನಿಯಮ ದೊಡ್ಡ ಮುಕ್ತ ಯೋಜನೆಗಳಲ್ಲಿ ಚೆನ್ನಾಗಿಯೇ ಪಾಲನೆಯಾಗುತ್ತದೆ. ಒಬ್ಬರೇ ನಡೆಸುವಲ್ಲಿ ತಾಳೆ ನೋಡಲು ಎರಡನೆಯವರು ಯಾರಿದ್ದಾರೆ? ಪತ್ರದ ಮೇಲೆ ಪತ್ರ ಬರೆದು 'ಬೇಗ ಮಾಡಿ' ಎಂದು ಪೀಡಿಸುವ ಬಳಕೆದಾರನು ಅರಿವಿಲ್ಲದೆ ಅಂಥ ಜಿಯಾ ಟಾನ್‌ಗಳಿಗೆ ದಾರಿ ಮಾಡಿಕೊಡುತ್ತಾನೆ.

ಲೆಕ್ಕ ಪುಸ್ತಕದ ಹೊಣೆ ಯಾರದು?

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. ಕಂಪನಿಗಳು, ಅಂದರೆ ನಮ್ಮ ಮಾಚೇನಹಳ್ಳಿಯ ಪುಟ್ಟ ಪ್ರೈವೇಟ್ ಲಿಮಿಟೆಡ್‌ಗಳೂ ಸೇರಿದಂತೆ, 2023ರ ಏಪ್ರಿಲ್ 1ರಿಂದ ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ವ್ಯವಹಾರದ ಬದಲಾವಣೆಯೂ ದಿನಾಂಕ ಸಹಿತ ದಾಖಲಾಗತಕ್ಕದ್ದು. ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಿರಬಾರದು. ಇದರ ಬಗ್ಗೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಲೇಬೇಕು. ವಿದ್ಯುನ್ಮಾನ ರೂಪದ ಲೆಕ್ಕಪತ್ರಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನನಿತ್ಯ ತೆಗೆದಿಡಬೇಕೆಂಬ ನಿಯಮವೂ 2022ರ ಆಗಸ್ಟ್ ತಿದ್ದುಪಡಿಯಿಂದ ಬಂದಿದೆ. ಸ್ವಂತ ಒಡೆತನದ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಈ ಕಂಪನಿ ನಿಯಮಗಳು ಅನ್ವಯಿಸವಾದರೂ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ ಎಂಬುದನ್ನು ಮರೆಯತಕ್ಕದ್ದಲ್ಲ.

ಇಲ್ಲೊಂದು ತೊಡಕಿದೆ. ಮುಕ್ತ ತಂತ್ರಾಂಶದ ಮೂಲ ಸಂಕೇತವೇ ನಮ್ಮ ಕೈಯಲ್ಲಿರುವಾಗ, ಬಲ್ಲವನೊಬ್ಬ ಬದಲಾವಣೆಯ ದಾಖಲೆಯನ್ನು ಮಾಡುವ ಭಾಗವನ್ನೇ ತೆಗೆದುಹಾಕಬಹುದು. ಹಾಗೆಂದು ಅದನ್ನು ಬಳಸಬಾರದೆಂಬುದು ನನ್ನ ಅಭಿಪ್ರಾಯವಲ್ಲ. ಮುಚ್ಚಿದ ತಂತ್ರಾಂಶದ ದತ್ತಾಂಶವನ್ನೂ ಹಿಂಬಾಗಿಲಿನಿಂದ ತಿದ್ದಿದ ಪ್ರಕರಣಗಳು ನನ್ನ ಅನುಭವದಲ್ಲಿವೆ. ಆದರೆ ಸರ್ವರಿನ ಅಧಿಕಾರವು ಲೆಕ್ಕ ಬರೆಯುವವರ ಕೈಯಲ್ಲಿರಬಾರದು. ಯಾವ ಆವೃತ್ತಿಯನ್ನು ಯಾವ ದಿನ ಯಾರು ಏರಿಸಿದರು ಎಂಬ ಒಂದು ಪುಸ್ತಕ ಕಚೇರಿಯಲ್ಲಿರಬೇಕು. ಕಾನೂನಿನ ಕಣ್ಣಿನಲ್ಲಿ ಹೊಣೆ ಕಂಪನಿಯ ಆಡಳಿತದ್ದು. ಎಲ್ಲೋ ಇರುವ ಸ್ವಯಂಸೇವಕನು ನಮ್ಮ ಮಂಡಳಿ ಸಭೆಯಲ್ಲಿ ಬಂದು ನಿಲ್ಲುವುದಿಲ್ಲ.

ತಂತ್ರಾಂಶವನ್ನು ಆರಿಸುವ ಮುನ್ನ ನಾನು ಈಗ ಮೂರು ಪ್ರಶ್ನೆಗಳನ್ನು ಕೇಳಲು ಹೇಳುತ್ತೇನೆ. ಕಳೆದ ಒಂದು ವರ್ಷದಲ್ಲಿ ಎಷ್ಟು ಜನರ ಕೈ ಅದಕ್ಕೆ ಸೋಕಿದೆ? ವರದಿಯಾದ ದೋಷಗಳಿಗೆ ಉತ್ತರ ಬರುತ್ತಿದೆಯೇ? ಹಣ ಕೊಟ್ಟರೆ ಸೇವೆ ಮಾಡುವವರು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದಾರೆಯೇ? ಇವೆಲ್ಲವೂ ಬಹಿರಂಗವಾಗಿಯೇ ನೋಡಸಿಗುವಂಥವು. ಮುಚ್ಚಿದ ತಂತ್ರಾಂಶದಲ್ಲಿ ಈ ಅನುಕೂಲವಿಲ್ಲ.

ನಮ್ಮ ಪಾಲಿನ ಕೆಲಸ

ಬಳಕೆದಾರನೂ ಈ ಸಮುದಾಯದಲ್ಲಿ ಒಂದು ಪಾತ್ರಧಾರಿಯೇ. ಸಂಕೇತ ಬರೆಯಲು ಬಾರದವನು ಮಾಡಬಹುದಾದ ಕೆಲಸ ಬಹಳಷ್ಟಿದೆ. ಹಣದ ವಿಷಯ ಮೊದಲು ಹೇಳಿಬಿಡುತ್ತೇನೆ. ಬೆಂಗಳೂರಿನ ಜೆರೋಧಾ ಸಂಸ್ಥೆ ತಾನು ಮುಕ್ತ ತಂತ್ರಾಂಶಗಳ ಮೇಲೆ ನಿಂತವನೆಂದು ಒಪ್ಪಿಕೊಂಡು, ಜಗತ್ತಿನ ಇಂಥ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ನೀಡುವ ನಿಧಿಯನ್ನು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ನಮ್ಮ ಅಳತೆಗೆ ಅದು ನಿಲುಕದು. ಆದರೆ ಒಂದೇ ತಂತ್ರಾಂಶ ಬಳಸುವ ಹತ್ತು ಸದಸ್ಯರು ಕೂಡಿ ಸ್ಥಳೀಯ ತಂತ್ರಜ್ಞರೊಬ್ಬರಿಗೆ ವಾರ್ಷಿಕ ಸೇವಾ ಒಪ್ಪಂದದ ಮೊತ್ತ ನೀಡುವುದು ಅಸಾಧ್ಯವಲ್ಲ. 1980ರಿಂದ ನಮ್ಮೂರಿನಲ್ಲಿ ಜವಾಹರಲಾಲ್ ನೆಹರು ಇಂಜಿನಿಯರಿಂಗ್ ಕಾಲೇಜು ಇದೆ. ಕೆಲಸ ಹುಡುಕಿ ಬೆಂಗಳೂರಿಗೆ ಹೋಗುವ ಮಕ್ಕಳಲ್ಲಿ ಒಬ್ಬಿಬ್ಬರು ಇಲ್ಲಿಯೇ ಉಳಿಯಲು ಇದೂ ಒಂದು ನೆಪವಾದೀತು. ಸೇವೆಗೆ ಕೊಟ್ಟ ಹಣಕ್ಕೆ ಬಿಲ್ಲು ಪಡೆದರೆ ಅದು ವ್ಯಾಪಾರದ ವೆಚ್ಚ. ವಿದೇಶಿ ಸೇವಾದಾರರಿಗೆ ಪಾವತಿಸಿದಲ್ಲಿ ರಿವರ್ಸ್ ಚಾರ್ಜ್ ಪ್ರಕಾರ ಐಜಿಎಸ್‌ಟಿ ನಾವೇ ಕಟ್ಟಬೇಕಾಗುತ್ತದೆ. ವಿದೇಶಿ ಪ್ರತಿಷ್ಠಾನಕ್ಕೆ ಕೊಡುವ ದೇಣಿಗೆಗೆ ಆದಾಯ ತೆರಿಗೆಯಲ್ಲಿ ದೇಣಿಗೆಯ ರಿಯಾಯಿತಿ ಸಿಗದು.

ಹಣಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು ಸರಿಯಾದ ದೂರು. ಭದ್ರಾವತಿಯ ಆ ಘಟಕದಲ್ಲಿ ಕೊನೆಗೆ ಕೆಲಸ ಕೈಗೆತ್ತಿಕೊಂಡವಳು ಮಾಲೀಕರ ಮಗಳು. ತಂದೆಯ ನೋಟೀಸಿಗೆ ಕ್ಷಮೆ ಕೋರಿ, ಹಳೆಯ ಮತ್ತು ಹೊಸ ಆವೃತ್ತಿಯ ಸಂಖ್ಯೆ, ಮೂರು ಸಾಲಿನ ಒಂದು ಮಾದರಿ ಚಲನ್, 12.375 ಕಿಲೋ ಎಂದು ನಮೂದಿಸಿದರೆ 12.38 ಎಂದು ಮುದ್ರಣವಾಗುವ ಚಿತ್ರ, ಇಷ್ಟನ್ನು ಬರೆದು ಕಳುಹಿಸಿದಳು. ಗ್ರಾಹಕರ ಹೆಸರು, ದರಗಳನ್ನು ಅಳಿಸಿದ್ದಳು. ಇದನ್ನು ಎಲ್ಲರೂ ನೆನಪಿಡತಕ್ಕದ್ದು, ಏಕೆಂದರೆ ಆ ದೂರನ್ನು ಲೋಕವೇ ಓದುತ್ತದೆ. ಒಂಬತ್ತನೆಯ ದಿನ ತಿದ್ದುಪಡಿ ಬಂತು. ಅಲ್ಲಿಯತನಕ ಚಲನ್‌ಗಳನ್ನು ಕೈಯಲ್ಲಿ ಬರೆದು ಗಾಡಿ ಕಳುಹಿಸಿದರು. ಪ್ರತಿದಿನ ರಾತ್ರಿ ದತ್ತಾಂಶದ ಪ್ರತಿ ತೆಗೆಯುವ ಏರ್ಪಾಡನ್ನೂ ಅದೇ ವಾರ ಮಾಡಲಾಯಿತು.

ಆ ಹುಡುಗಿ ಅಲ್ಲಿಗೇ ನಿಲ್ಲಲಿಲ್ಲ. ಆ ತಂತ್ರಾಂಶದ ಕನ್ನಡ ಅನುವಾದ ಅರ್ಧಕ್ಕೆ ನಿಂತಿರುವುದನ್ನು ಕಂಡು ಬಿಡುವಿನಲ್ಲಿ ಅದನ್ನು ಮುಂದುವರಿಸಿದ್ದಾಳೆ. ಪದಗಳಿಗಾಗಿ ನನ್ನ ಕಚೇರಿಗೂ, ಗಾಂಧಿ ಬಜಾರಿನ ಹಿರಿಯ ವರ್ತಕರೊಬ್ಬರ ಬಳಿಗೂ ಬರುತ್ತಾಳೆ. ಮೊದಲು ಅನುವಾದಿಸಿದ ಇಂಜಿನಿಯರುಗಳು ನಗದಲ್ಲದ ಮಾರಾಟಕ್ಕೆ 'ಸಾಲ ಮಾರಾಟ' ಎಂದು ಹಾಕಿದ್ದರು. ನಮ್ಮ ಮಂಡಿಗಳಲ್ಲಿ ಅದು ರೋಖ ಮತ್ತು ಉದ್ರಿ. ದಿನವಹಿಗೆ ಕಿರ್ದಿ, ಲೆಡ್ಜರಿಗೆ ಖತಾವಣಿ. ಈ ಮಾತುಗಳನ್ನು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅಡಿಕೆ, ಜವಳಿ ವ್ಯಾಪಾರದ ಗದ್ದುಗೆಯ ಮೇಲೆ ಕುಳಿತವರಿಗಷ್ಟೇ ಅವು ಸಹಜ. ಅವಳು 'ಉದ್ರಿ' ಎಂದು ತಿದ್ದಿದ್ದಕ್ಕೆ ಬೇರೊಂದು ಜಿಲ್ಲೆಯ ಅನುವಾದಕರು ತಮ್ಮ ಕಡೆ 'ಕಡ' ಎನ್ನುತ್ತಾರೆಂದು ಆಕ್ಷೇಪ ಎತ್ತಿದ್ದಾರೆ. ಕಳೆದ ವಾರ ಬಂದಾಗ ಹಳೆಯ ಕಿರ್ದಿ ಪುಸ್ತಕದ ಒಂದು ಪುಟದ ಛಾಯಾಚಿತ್ರ ಬೇಕೆಂದು ಕೇಳಿ, ನಮ್ಮ ಕಪಾಟಿನಿಂದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕವೊಂದನ್ನು ಒಯ್ದಿದ್ದಾಳೆ.